ಬಾಯಿಚಪಲಕ್ಕೂ ಮಳೆಗೆ ಮೊದಲೇ ಮದ್ದು

ಕೊಳೆರೋಗ ಬಂದು ಅಡಿಕೆ ಉದುರತೊಡಗಿದ ಮೇಲೆ ಮದ್ದು ಬಿಡಲು ಓಡುವವನನ್ನು ನಮ್ಮಲ್ಲಿ ಯಾರೂ ಜಾಣ ಕೃಷಿಕನೆಂದು ಹೇಳುವುದಿಲ್ಲ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಶೇಕಡಾ 1ರ ಬೋರ್ಡೋ ದ್ರಾವಣದ ಈ ಲೆಕ್ಕ ನಮಗೆಲ್ಲ ಬಾಯಿಪಾಠ. ಮುಂಗಾರು ಹಿಡಿಯುವ ಮೊದಲೇ ಅದು ಗೊನೆಗೆ ತಾಗಿರಬೇಕೆಂಬುದೂ ಗೊತ್ತು. ಆದರೆ ತೋಟದಲ್ಲಿ ತೋರಿಸುವ ಈ ವಿವೇಕವನ್ನು ಊಟ ತಿಂಡಿಯ ವಿಷಯದಲ್ಲಿ ನಾವು ಮರೆಯುತ್ತೇವೆ. ತಿಂಡಿಯ ಡಬ್ಬ ಕೈಗೆ ಬಂದ ಮೇಲೆ ಮನಸ್ಸನ್ನು ಹಿಡಿಯಲು ಹೊರಡುತ್ತೇವೆ, ಸೋಲುತ್ತೇವೆ, ನಮಗೆ ಮನೋಬಲವೇ ಇಲ್ಲವೆಂದು ನಮ್ಮನ್ನೇ ಬೈದುಕೊಳ್ಳುತ್ತೇವೆ. ಈ ಬಗ್ಗೆ ನಾಲ್ಕು ಮಾತು ಸದಸ್ಯರಲ್ಲಿ ಹಂಚಿಕೊಳ್ಳಬೇಕೆನಿಸಿತು.

ನಮ್ಮದೇ ಕಥೆ

ನಮ್ಮ ಮನೆ ಹೂಡೆಯಲ್ಲಿ, ಅಡಿಕೆ ತೋಟ ಕಾರ್ಕಳದ ಕಡೆ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಸ್ವರ್ಣಾ ನದಿ, ನಡುವಿನ ತೆಂಗಿನ ಪಟ್ಟಿಯಲ್ಲಿ ನಮ್ಮ ವಾಸ. ಎರಡು ವರ್ಷಗಳ ಹಿಂದೆ ಮೊಣಕಾಲು ನೋವೆಂದು ವೈದ್ಯರಲ್ಲಿ ಹೋದೆವು. ತೂಕ 84 ಕಿಲೋ, ಹೊಟ್ಟೆಯ ಸುತ್ತಳತೆ 102 ಸೆಂಟಿಮೀಟರ್, ರಕ್ತದ ಸಕ್ಕರೆ ಗಡಿಯ ಮೇಲೆ. ‘8 ಕಿಲೋ ಇಳಿಸಿ, ಆಮೇಲೆ ಮಾತ್ರೆಯ ವಿಚಾರ’ ಎಂದರು. ಆಗಲೇ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಡಿಕೆ ಹೆಕ್ಕಲು ನಮಗೆ ಆಗುತ್ತಿರಲಿಲ್ಲ. ಹೆದರಿಕೆಯಿಂದ ಅನ್ನ ಅರ್ಧ ಮಾಡಿದೆವು, ರಾತ್ರಿಯ ಊಟವನ್ನೇ ಬಿಟ್ಟೆವು. ಮೇ ತಿಂಗಳ ಕೊನೆಗೆ 4 ಕಿಲೋ ಇಳಿಯಿತು.

ಜೂನ್ ಬಂತು, ಮಳೆ ಹಿಡಿಯಿತು. ತೋಟಕ್ಕೆ ಹೋಗುವಂತಿಲ್ಲ. ಸಂಜೆ ನಾಲ್ಕು ಗಂಟೆಗೆ ಕಾಫಿಯ ಜೊತೆ ಅಟ್ಟದಿಂದ ಹಲಸಿನ ಹಪ್ಪಳದ ಡಬ್ಬವೂ ಸೊಳೆ ಚಿಪ್ಸಿನ ಡಬ್ಬವೂ ಇಳಿದವು. ‘ಒಂದೇ ಒಂದು’ ಎಂದು ಆರಂಭಿಸಿದ್ದು ಡಬ್ಬದ ತಳ ಕಾಣುವವರೆಗೆ ನಡೆಯಿತು. ಆಟಿ ತಿಂಗಳು ಮುಗಿಯುವಾಗ ಹೋದ 4 ಕಿಲೋ ಬಡ್ಡಿ ಸಹಿತ ಮರಳಿತ್ತು.

ಇದು ನಮ್ಮೊಬ್ಬರ ಪಾಡಲ್ಲ. ಭಾರತೀಯರಲ್ಲಿ ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದೆಂದು ವೈದ್ಯರು ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ನೂರಕ್ಕೆ 39ಕ್ಕೂ ಹೆಚ್ಚು ಮಂದಿಗೆ ಹೊಟ್ಟೆಯ ಬೊಜ್ಜು ಇದೆ.

ಬರಗಾಲದ ತಿಂಡಿ, ಸುಭಿಕ್ಷದ ಹೊಟ್ಟೆ

ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ, ಹಲಸಿನ ಬೀಜ ಇವೆಲ್ಲ ಕೂಡಿಟ್ಟದ್ದು ಯಾತಕ್ಕೆ? ಆಟಿಯಲ್ಲಿ ಗದ್ದೆಯೂ ಕೊಡುವುದಿಲ್ಲ, ಕಡಲೂ ಕೊಡುವುದಿಲ್ಲ. ಆ ಒಂದೂವರೆ ಎರಡು ತಿಂಗಳು ಹೊಟ್ಟೆ ಹೊರೆಯಲು ಹಿರಿಯರು ಬೇಸಗೆಯಲ್ಲೇ ಚಾಪೆ ಹಾಸಿ ಹಪ್ಪಳ ಒಣಗಿಸಿದರು. ಅವರು ಹೊರೆ ಹೊತ್ತರು, ಏತ ಎಳೆದರು, ಮೈಲುಗಟ್ಟಲೆ ನಡೆದರು. ಈಗ ಪಂಪಿನ ಗುಂಡಿ ಒತ್ತಿದರೆ ನೀರು, ಬೈಕು ಹತ್ತಿದರೆ ಪೇಟೆ, ಹುಲ್ಲು ಕೊಚ್ಚಲು ಯಂತ್ರ. ಆಟಿಯಲ್ಲೂ ಅಂಗಡಿಯಲ್ಲಿ ಅಕ್ಕಿ ಇದೆ. ಬರಗಾಲ ಹೋಯಿತು, ಡಬ್ಬ ಮಾತ್ರ ತುಂಬುತ್ತಲೇ ಇದೆ. ಘಟ್ಟದ ಮೇಲಿನ ಕಾಫಿ ಬೆಳೆಗಾರರ ಮನೆಯ ಕೋಡುಬಳೆ, ಬಾಳೆಕಾಯಿ ಚಿಪ್ಸಿಗೂ ಇದೇ ಮಾತು ಸಲ್ಲುತ್ತದೆ.

ಒಂದೇ ಒಂದು ಎಂದರೂ ಯಾಕೆ ನಿಲ್ಲುವುದಿಲ್ಲ?

ನೋಡಿದರೆ ಬಾಯಲ್ಲಿ ನೀರೂರುವ, ಮುಟ್ಟಿದರೆ ಕೈ ಬಿಡದ ತಿಂಡಿ ಪ್ರತಿಯೊಬ್ಬರಿಗೂ ಒಂದೋ ಎರಡೋ ಇರುತ್ತದೆ. ನಾವು ಅದನ್ನು ‘ಕೆಣಕು ತಿಂಡಿ’ ಎಂದು ಕರೆಯೋಣ. ಒಬ್ಬರಿಗೆ ಗೋಳಿಬಜೆ, ಒಬ್ಬರಿಗೆ ಬನ್ಸ್, ಇನ್ನೊಬ್ಬರಿಗೆ ಬೇಕರಿಯ ಖಾರ, ಮತ್ತೊಬ್ಬರಿಗೆ ಹೋಳಿಗೆ. ಚಾಕೊಲೇಟೆಂದರೆ ತಡೆಯಲಾರದವರೂ ಇದ್ದಾರೆ. ಕರಾವಳಿಯ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದವರಾದ್ದರಿಂದ, ಪರರನ್ನು ಕೆಣಕುವುದರಲ್ಲಿ ನಮ್ಮ ಪಾಲೂ ಇದೆ!

ತಿಂಡಿ ಕೆಣಕಲು ಮೂರು ಕಾರಣಗಳನ್ನು ಗಮನಿಸಬೇಕು.

ಮೊದಲನೆಯದು ತಿಂಡಿಯ ಗುಣ. ಅಕ್ಕಿಯಲ್ಲಿ ಪಿಷ್ಟವಿದೆ, ತೆಂಗಿನಕಾಯಿಯಲ್ಲಿ ಜಿಡ್ಡಿದೆ. ಆದರೆ ಪಿಷ್ಟ, ಜಿಡ್ಡು, ಉಪ್ಪು ಮೂರೂ ಒಟ್ಟಾಗಿ ಗರಿಗರಿಯಾಗಿ ಸಿಗುವುದು ಬಾಣಲೆಯಿಂದ ಮಾತ್ರ. ಮರದಲ್ಲಿ ಅಂಥದ್ದು ಬಿಡುವುದಿಲ್ಲ. ನೀರಿನ ಅಂಶವಿಲ್ಲದ ಕಾರಣ ಹೊಟ್ಟೆಯೂ ಬೇಗ ತುಂಬುವುದಿಲ್ಲ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಡಬ್ಬ ಖಾಲಿ. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆಯಲ್ಲಿ 9. ಕಾಯಿಸಿದ ಬಾಳೆಕಾಯಿ ಚಿಪ್ಸ್ 100 ಗ್ರಾಂ ತಿಂದರೆ 500 ಕ್ಯಾಲೊರಿ ಆಚೀಚೆ. ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವುದು ಹೆಚ್ಚು ಕಡಿಮೆ ಅದರ ಅರ್ಧ. ಪೊಟ್ಟಣದ ತಿಂಡಿಯ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 2019ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾದ ಆಹಾರ, ಎರಡು ವಾರ ಸಾದಾ ಅಡುಗೆ, ಬೇಕಾದಷ್ಟು ತಿನ್ನಬಹುದು. ಕಾರ್ಖಾನೆಯ ಆಹಾರವಿದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರದಲ್ಲಿ ಸುಮಾರು ಮುಕ್ಕಾಲು ಕಿಲೋಗೂ ಮಿಕ್ಕಿ ತೂಕ ಏರಿಸಿಕೊಂಡರು.

ಎರಡನೆಯದು ಅಭ್ಯಾಸ. ರಷ್ಯದ ವಿಜ್ಞಾನಿ ಪಾವ್ಲೋವ್ ತನ್ನ ನಾಯಿಗಳಿಗೆ ಆಹಾರ ಕೊಡುವಾಗ ಪ್ರತಿ ಸಲವೂ ಒಂದು ಸದ್ದು ಕೇಳಿಸಿದನು. ಕೆಲವು ದಿನಗಳ ಮೇಲೆ ಆಹಾರವಿಲ್ಲದೆ ಬರಿಯ ಸದ್ದಿಗೇ ಅವುಗಳ ಬಾಯಲ್ಲಿ ಜೊಲ್ಲು ಸುರಿಯಿತು. ಹಂಚಿನ ಮೇಲೆ ಮಳೆ ಬೀಳುವ ಸದ್ದು, ಕಾಫಿಯ ಪರಿಮಳ, ಸಂಜೆ ನಾಲ್ಕು ಗಂಟೆ. ನಮ್ಮ ಪಾಲಿಗೆ ಇವೇ ಆ ಸದ್ದು. ಅದು ಹಸಿವೆಯಲ್ಲ, ಕಲಿತ ಪಾಠ.

ಮೂರನೆಯದು, ನಾವೇ ತಂದುಕೊಂಡ ಉಪವಾಸ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅವರಿಗೆ ಹಗಲಿರುಳೂ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಹಾಕತೊಡಗಿದರು. ಕಟ್ಟು ಸಡಿಲವಾದ ಮೇಲೆ ಎಷ್ಟು ತಿಂದರೂ ತೃಪ್ತಿಯಾಗದವರು ಅವರಲ್ಲಿದ್ದರು. ರಾತ್ರಿಯೂಟ ಬಿಟ್ಟ ನಮಗೆ ಡಬ್ಬ ಅಷ್ಟೊಂದು ಕೆಣಕಿದ್ದು ಯಾಕೆಂದು ಆಗ ತಿಳಿಯಿತು.

ಹಾಗಾದರೆ ಏನು ಮಾಡಬೇಕು?

ಎರಡನೆಯ ಸಲ ನಾವು ಮಳೆಗೆ ಮೊದಲೇ ಸಿದ್ಧರಾದೆವು. ನಮಗೆ ಉಪಯೋಗಕ್ಕೆ ಬಂದ ಕ್ರಮಗಳನ್ನು ಕೆಳಗೆ ಕೊಟ್ಟಿದ್ದೇವೆ.

1. ಒಂದು ವಾರ ಬರೆದಿಡಿ. ತೋಟದ ಖರ್ಚಿನ ಪುಸ್ತಕದ ಹಿಂದಿನ ಪುಟ ಸಾಕು. ಏನು ತಿಂದೆವು, ಎಷ್ಟು ಗಂಟೆಗೆ, ಎಲ್ಲಿ ಕುಳಿತು, ಹಸಿವೆಯಿತ್ತೇ ಅಥವಾ ಬೇಸರವೇ? ನಿಮ್ಮ ಕೆಣಕು ತಿಂಡಿ ಎರಡೋ ಮೂರೋ ಮಾತ್ರವೆಂದು ಕಾಣುತ್ತದೆ. ಉಳಿದುದರ ಮೇಲೆ ಯುದ್ಧ ಹೂಡುವ ಅಗತ್ಯವಿಲ್ಲ.

2. ಇಡಬೇಕೇ, ಕಳಿಸಬೇಕೇ ತೀರ್ಮಾನಿಸಿ. ಎಣಿಸಿ ತೆಗೆದು, ಡಬ್ಬವನ್ನು ಅಟ್ಟಕ್ಕೆ ಏರಿಸಿ, ಆಮೇಲೆ ತಿನ್ನಲು ಕುಳಿತುಕೊಳ್ಳಿ. ಮೂರು ಸಲ ಪರೀಕ್ಷೆ ಮಾಡಿ. ಎಣಿಸಿದ್ದಕ್ಕೆ ನಿಲ್ಲಿಸಲು ಬಂದರೆ ಆ ತಿಂಡಿ ಮನೆಯಲ್ಲಿರಲಿ. ಮೂರು ಸಲವೂ ಮತ್ತೆ ಅಟ್ಟ ಹತ್ತಿದರೆ ಅದು ಮನೆಯಲ್ಲಿ ಬೇಡ. ಮದುವೆ, ಹಬ್ಬಗಳಲ್ಲಿ ತಿಂದರಾಯಿತು. ನಮಗೆ ಹಪ್ಪಳ ಲೆಕ್ಕಕ್ಕೆ ಬಂತು, ಸೊಳೆ ಚಿಪ್ಸ್ ಬರಲಿಲ್ಲ. ಚಿಪ್ಸಿನ ಡಬ್ಬ ಮುಂಬಯಿಯ ನೆಂಟರ ಮನೆಗೆ ಹೋಯಿತು. ಅವರಿಗೆ ಸಂತೋಷ, ನಮಗೆ ಕ್ಷೇಮ.

3. ಬಾಣಲೆಯಿಂದ ಕೆಂಡಕ್ಕೆ ಬನ್ನಿ. ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟ ಹಪ್ಪಳಕ್ಕೆ ಎಣ್ಣೆಯ ಹೊರೆಯಿಲ್ಲ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆಯೆಂಬುದನ್ನು ನೆನಪಿಡಿ. ಮೂರು ಸುಟ್ಟ ಹಪ್ಪಳಕ್ಕೆ ತೃಪ್ತಿಯಾಗುತ್ತದೆ. ಕಾಯಿಸಿದ್ದಾದರೆ ಹತ್ತಕ್ಕೂ ಆಗುವುದಿಲ್ಲ.

4. ಹೊತ್ತು ಹೊತ್ತಿಗೆ ಉಣ್ಣಿ. ಕುಚ್ಚಲಕ್ಕಿ ಗಂಜಿಯ ಪ್ರಮಾಣ ಸ್ವಲ್ಪ ತಗ್ಗಲಿ. ಹುರುಳಿ ಸಾರು, ಹೆಸರು ಪಲ್ಯ, ಬಸಳೆ, ಮಟ್ಟುಗುಳ್ಳ ಹೆಚ್ಚಲಿ. ಮೀನು ತಿನ್ನುವವರು ಬೂತಾಯಿ, ಬಂಗುಡೆಯನ್ನು ಕಾಯಿಸುವ ಬದಲು ಸಾರು ಮಾಡಲಿ. ಮಧ್ಯಾಹ್ನ ಕಾಳು, ತರಕಾರಿ ಸೇರಿಸಿ ಉಂಡವನನ್ನು ನಾಲ್ಕು ಗಂಟೆಯ ಡಬ್ಬ ಅಷ್ಟಾಗಿ ಕೆಣಕುವುದಿಲ್ಲ.

5. ಕಾಫಿಯನ್ನು ಬೈಯಬೇಡಿ, ಸಕ್ಕರೆಯನ್ನು ನೋಡಿ. ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಎರಡು ಚಮಚದಂತೆ ಐದು ಲೋಟ ಕುಡಿದರೆ 50 ಗ್ರಾಂ ಆಯಿತು. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸಿ, ನಾಲಗೆ ಹೊಂದಿಕೊಳ್ಳುತ್ತದೆ. ಬೆಲ್ಲವಾದರೆ ತೊಂದರೆಯಿಲ್ಲವೆಂದು ತಿಳಿಯಬೇಡಿ; ತೂಕದ ಲೆಕ್ಕದಲ್ಲಿ ಅದೂ ಸಕ್ಕರೆಯ ತಮ್ಮನೇ.

6. ತೆರೆ ಇಳಿಯಲು ಬಿಡಿ. ನಮ್ಮೂರ ಮೀನುಗಾರರು ದೊಡ್ಡ ತೆರೆ ಎದ್ದಾಗ ದೋಣಿ ನೂಕುವುದಿಲ್ಲ. ಅದು ಮುರಿಯುವವರೆಗೆ ಕಾಯುತ್ತಾರೆ. ಚಪಲವೂ ಏರುತ್ತದೆ, ಇಳಿಯುತ್ತದೆ. ಒಂದು ಲೋಟ ನೀರು ಮಜ್ಜಿಗೆ ಕುಡಿದು ಕಾಲು ಗಂಟೆ ಕೊಟ್ಟಿಗೆಗೋ ತೋಟಕ್ಕೋ ಹೋಗಿ ಬನ್ನಿ. ಅಷ್ಟಾದರೂ ಬೇಕೆನಿಸಿದರೆ ಎಣಿಸಿ ತಿನ್ನಿ. ಹಸಿವೆ ಮುರಿಯಲೆಂದು ಎಲೆಯಡಿಕೆಗೆ ಕೈ ಹಾಕಬೇಡಿ. ಅಡಿಕೆ ಬೆಳೆಯುವವರಾಗಿ ಈ ಮಾತು ಹೇಳುವುದು ಕಷ್ಟ. ಆದರೆ ಅಡಿಕೆ ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರಬಹುದೆಂಬ ವೈದ್ಯರ ಎಚ್ಚರಿಕೆಯನ್ನು ನಮ್ಮವರಿಂದ ಮುಚ್ಚಿಡುವುದು ಸರಿಯಲ್ಲ.

ಮನೆಯವರ ಸಹಕಾರ

ಇದು ಒಬ್ಬರಿಂದ ಆಗುವ ಕೆಲಸವಲ್ಲ. ಬಿಸಿಲಲ್ಲಿ ಬೆನ್ನು ಬಗ್ಗಿಸಿ ಹಪ್ಪಳ ತಟ್ಟಿದವರಿಗೆ ‘ನನಗೆ ಬೇಡ’ ಎಂದರೆ ನೋವಾಗುತ್ತದೆ. ನಾವು ಮನೆಯವರೊಡನೆ ಕುಳಿತು ವೈದ್ಯರ ಚೀಟಿ ತೋರಿಸಿ ಮಾತಾಡಿದೆವು. ಆಗ ಅವರು ಹೇಳಿದ ಮಾತು ನಮ್ಮ ಕಣ್ಣು ತೆರೆಸಿತು: ‘ನಿಮ್ಮ ತೂಕವನ್ನು ನೋಡುವವರಿದ್ದಾರೆ. ಎಲ್ಲರೂ ಉಂಡ ಮೇಲೆ ಉಳಿದದ್ದು ಹಾಳಾಗಬಾರದೆಂದು ತಿನ್ನುವ ನನ್ನನ್ನು ಯಾರು ನೋಡಿದ್ದಾರೆ?’ ಅಂದಿನಿಂದ ನಮ್ಮಲ್ಲಿ ಅಡುಗೆಯ ಅಳತೆಯೇ ಕಡಿಮೆಯಾಯಿತು. ಉಳಿದದ್ದು ದನದ ಬಾನಿಗೆ. ಹಿಂದಿನ ಬೇಸಗೆಯಲ್ಲಿ ಹಪ್ಪಳವೂ ಅರ್ಧಕ್ಕೆ ಇಳಿಯಿತು. ಬೆನ್ನಿಗೆ ಅಷ್ಟು ವಿಶ್ರಾಂತಿ ಸಿಕ್ಕಿತೆಂದು ಅವರೇ ಹೇಳಿದರು.

ನೇಮ, ಮದುವೆ, ಇಫ್ತಾರ್ ಎಂದು ಕರೆದವರ ಮನೆಯಲ್ಲಿ ತಿನ್ನದೆ ಬರಬೇಕೆಂದಿಲ್ಲ. ಹಸಿದು ಹೋಗಬೇಡಿ, ಇಷ್ಟವಾದುದನ್ನು ಒಂದು ಸಲ ಹಾಕಿಸಿಕೊಂಡು ನಿಧಾನವಾಗಿ ತಿನ್ನಿ. ಎರಡನೆಯ ಸಲಕ್ಕೆ ‘ರುಚಿಯಾಗಿದೆ, ಹೊಟ್ಟೆ ತುಂಬಿತು’ ಎಂದು ಎಲೆಗೆ ಕೈ ಅಡ್ಡ ಇಟ್ಟರೆ ಯಾರಿಗೂ ಅವಮಾನವಾಗುವುದಿಲ್ಲ.

ತಪ್ಪಿದರೆ?

ತಪ್ಪುತ್ತದೆ, ನಮಗೂ ಹಲವು ಸಲ ತಪ್ಪಿದೆ. ನಾಲ್ಕು ಗೊನೆ ಕೊಳೆತರೆ ತೋಟ ಕಡಿಯುತ್ತೇವೆಯೇ? ಮರುದಿನ ಉಪವಾಸ ಮಾಡಿ ಶಿಕ್ಷೆ ಕೊಟ್ಟುಕೊಂಡರೆ ಮತ್ತೆ ಅದೇ ಸುಳಿಗೆ ಬೀಳುತ್ತೀರಿ. ಮುಂದಿನ ಊಟದಿಂದ ಕ್ರಮಕ್ಕೆ ಬನ್ನಿ, ಅಷ್ಟೇ ಸಾಕು.

ಎರಡು ಎಚ್ಚರಿಕೆಗಳು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಇನ್ನು, ಹೊಟ್ಟೆ ನೋಯುವಷ್ಟು ತಿಂದರೂ ನಿಲ್ಲಿಸಲಾಗದೆ, ಯಾರಿಗೂ ಕಾಣದಂತೆ ತಿಂದು ಆಮೇಲೆ ಕೊರಗುವವರಿದ್ದಾರೆ. ವಾರ ವಾರವೂ ಹಾಗಾಗುತ್ತಿದ್ದರೆ ಅದು ಬರಿಯ ಚಪಲವಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯೆಂದೇ ಪಟ್ಟಿಗೆ ಸೇರಿಸಿದೆ, ಅದಕ್ಕೆ ಚಿಕಿತ್ಸೆಯಿದೆ. ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಬೇಕು.

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ಹಿರಿಯರ ಮಾತು. ಡಬ್ಬ ಎಲ್ಲಿದೆ, ಎಷ್ಟು ತುಂಬಿದೆ ಎಂದು ಮೊದಲೇ ನೋಡುವುದೂ ಊಟ ಬಲ್ಲವನ ಲಕ್ಷಣವೇ. ನಮ್ಮ ಲೆಕ್ಕ ಒಪ್ಪಿಸುವುದಾದರೆ, ಎರಡು ಮಳೆಗಾಲ ದಾಟಿದ ಮೇಲೆ 6 ಕಿಲೋ ಇಳಿದಿದೆ. ಈ ಸಲ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಡಿಕೆ ಹೆಕ್ಕಿದೆವು. ಇನ್ನು 2 ಕಿಲೋ ಬಾಕಿಯಿದೆ; ಕಂತಿನಲ್ಲಿ ತೀರಿಸುತ್ತೇವೆ.