ಭಾನುವಾರ ಸಂಜೆಯ ಹೊಟ್ಟೆನೋವು

"ಐತಾರ ಸಂಜಿ ಆತಂದ್ರ ಸಾಕ್ರಿ ಡಾಕ್ಟ್ರ, ಹೊಟ್ಟ್ಯಾಗ ಕಲ್ಲಿಟ್ಟಂಗ ಆಕ್ಕೈತಿ. ರಾತ್ರಿ ನಿದ್ದಿ ಬರಂಗಿಲ್ಲ. ಸೋಮಾರ ಮಧ್ಯಾಹ್ನ ತಾನ ಕಡಿಮಿ ಆಗಿಬಿಡ್ತೈತಿ."

ಮಾಗಳದ ಸುತ್ತಲಿನ ಹಳ್ಳಿಯೊಂದರಿಂದ ಬಂದಿದ್ದ, ಮೂವತ್ತು ದಾಟಿದ ಗುಮಾಸ್ತರೊಬ್ಬರ ಮಾತಿದು. (ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಮೊದಲ ಸಲ ಬಂದಾಗ ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ಬರೆದುಕೊಟ್ಟೆ. ಎರಡನೆಯ ಸಲ ಎದೆ ಡವಗುಟ್ಟುತ್ತದೆ ಎಂದರು. ಇಸಿಜಿ ಮಾಡಿಸಿದೆ, ಸರಿಯಾಗಿಯೇ ಇತ್ತು. ಮೂರನೆಯ ಸಲ ಬಂದಾಗ ಮಾತ್ರ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: "ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಏನಿರುತ್ತದೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಪ್ರತಿ ಸೋಮವಾರ ಹತ್ತೂವರೆಗೆ ಮೀಟಿಂಗು. ಬಾಕಿ ಕೆಲಸಗಳನ್ನು ಎಲ್ಲರ ಎದುರು ಓದುತ್ತಾರೆ. ಹಿಂದಿನವರ ಕಾಲದ ಒಂದು ಲೆಕ್ಕ ತಾಳೆಯಾಗದೆ ಇವರ ಮೇಜಿನಲ್ಲಿ ಕುಳಿತು ಎಂಟು ತಿಂಗಳಾಗಿತ್ತು. ತಾವೇ ಹಣ ತಿಂದಿದ್ದೇವೆ ಎಂದುಕೊಂಡಾರು ಎಂಬ ಭಯದಿಂದ ಯಾರಿಗೂ ಹೇಳಿರಲಿಲ್ಲ; ಹೆಂಡತಿಗೂ ಹೇಳಿರಲಿಲ್ಲ. ಕೆಲಸ ಬಿಟ್ಟುಬಿಡುವ ಯೋಚನೆಯೂ ಬಂದಿತ್ತು.

ಹೊಟ್ಟೆಯಲ್ಲಿದ್ದ ಕಲ್ಲು ಯಾವುದೆಂದು ಆಗ ನನಗೆ ತಿಳಿಯಿತು.

ಯಾಕೆ ಹೀಗಾಗುತ್ತದೆ?

ರಜೆ ಮುಗಿಯುವ ಹೊತ್ತಿಗೆ ಮನಸ್ಸು ಮುದುಡುವುದು ಸೋಮಾರಿತನವಲ್ಲ, ಹೊಸ ಕಾಯಿಲೆಯೂ ಅಲ್ಲ. ರಜೆಯ ದಿನವೇ ತಲೆನೋವು, ಹೊಟ್ಟೆಯ ತೊಂದರೆ ಕಾಣಿಸಿಕೊಳ್ಳುವ ರೋಗಿಗಳ ಬಗ್ಗೆ ಹಂಗೇರಿಯ ಮನೋವಿಶ್ಲೇಷಕ ಶಾಂಡೋರ್ ಫೆರೆಂಜಿ 1919ರಲ್ಲಿಯೇ ಬರೆದಿದ್ದರು.

ನಾಳೆ ಬರಲಿರುವ ಕಷ್ಟವನ್ನು ಇಂದು ನೆನೆಸಿಕೊಂಡರೂ ದೇಹಕ್ಕೆ ಅದು ಎದುರಿಗೇ ನಿಂತಂತೆ. ಅಡ್ರಿನಲಿನ್ ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಜಠರ ಮತ್ತು ಕರುಳಿನ ಚಲನೆ ಏರುಪೇರಾಗುತ್ತದೆ. ಆದ್ದರಿಂದ ನೋವು ನಿಜವಾದದ್ದೇ. ಅದರ ಬೇರು ಮಾತ್ರ ಹೊಟ್ಟೆಯಲ್ಲಿಲ್ಲ.

ಇದಕ್ಕೆ ನಮ್ಮ ರಜೆಯ ಅಭ್ಯಾಸಗಳೂ ಸೇರಿಕೊಳ್ಳುತ್ತವೆ. ಶನಿವಾರ ರಾತ್ರಿ ಒಂದು ಗಂಟೆಯವರೆಗೆ ಟಿವಿ, ಮೊಬೈಲು. ಭಾನುವಾರ ಒಂಬತ್ತಕ್ಕೆ ಏಳುವುದು. ಊಟದ ನಂತರ ಮತ್ತೆ ಎರಡು ತಾಸು ನಿದ್ದೆ. ರಾತ್ರಿ ಹತ್ತಕ್ಕೆ ಮಲಗಿದರೆ ನಿದ್ದೆ ಹೇಗೆ ಬಂದೀತು? ಬಾರದ ನಿದ್ದೆಯ ಜಾಗಕ್ಕೆ ಚಿಂತೆ ಬಂದು ಕೂರುತ್ತದೆ. ಇನ್ನು ಹೂವಿನಹಡಗಲಿಯಿಂದ ಭಾನುವಾರ ರಾತ್ರಿಯ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಮುಖ ತೊಳೆದುಕೊಂಡು ಸೀದಾ ಕೆಲಸಕ್ಕೆ ಹೋಗುವ ನಮ್ಮ ಹುಡುಗರ ಪಾಡು ಹೇಳುವುದೇ ಬೇಡ.

ಎತ್ತಿನಿಂದ ಕಲಿಯೋಣ

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಕೊಟ್ಟಿಗೆಯಲ್ಲಿ ನೆಮ್ಮದಿಯಾಗಿ ಮೆಲುಕು ಹಾಕುತ್ತದೆ. ಮಂಗಳವಾರದ ನೊಗವನ್ನು ಸೋಮವಾರವೇ ಹೊರುವುದಿಲ್ಲ. ನಾವಾದರೋ ಭಾನುವಾರ ನಾಲ್ಕು ಗಂಟೆಗೇ ನೊಗಕ್ಕೆ ಹೆಗಲು ಕೊಟ್ಟು ನಿಂತಿರುತ್ತೇವೆ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆ ಮುಂತಾದವರು ವರ್ಷಗಟ್ಟಲೆ ಹೋರಾಡಿದ ಮೇಲೆ. ಹಾಗೆ ಪಡೆದ ಒಂದು ದಿನವನ್ನು ನಾವೇ ಅರ್ಧ ಮಾಡಿಕೊಳ್ಳುವುದು ಸರಿಯೇ?

ಏನು ಮಾಡಬೇಕು?

* ಮೊದಲು ಭಯಕ್ಕೆ ಹೆಸರಿಡಿ. "ಸೋಮವಾರ ಬೇಡ" ಎನ್ನುವುದು ಹೆಸರಲ್ಲ. ಯಾವ ಕೆಲಸ, ಯಾರ ಮಾತು, ಯಾವ ಗಂಟೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಬರೆದ ಮೇಲೆ ಆ ಭಯಕ್ಕೆ ಒಂದು ಅಳತೆ ಸಿಗುತ್ತದೆ.

* ವಾರದ ಕೊನೆಯ ದಿನ ಆಫೀಸು ಬಿಡುವ ಮುನ್ನ, ಸೋಮವಾರ ಮೊದಲು ಮಾಡಬೇಕಾದ ಒಂದೇ ಒಂದು ಕೆಲಸವನ್ನು ಬರೆದಿಟ್ಟು ಬನ್ನಿ. ಅದು ಅರ್ಧ ತಾಸಿನಲ್ಲಿ ಮುಗಿಯುವಂಥದ್ದಿರಲಿ. ಬಟ್ಟೆಗೆ ಇಸ್ತ್ರಿ, ಮಕ್ಕಳ ಯೂನಿಫಾರಂ ಇವೆಲ್ಲ ಭಾನುವಾರ ಮಧ್ಯಾಹ್ನದೊಳಗೆ ಮುಗಿಯಲಿ.

* ರಜೆಯ ದಿನವೂ ಏಳುವ ಹೊತ್ತು ಒಂದು ತಾಸಿಗಿಂತ ಹೆಚ್ಚು ತಡವಾಗದಿರಲಿ. ಮಧ್ಯಾಹ್ನದ ನಿದ್ದೆ ಅರ್ಧ ತಾಸು ಸಾಕು.

* ಸಂಜೆ ನಾಲ್ಕರ ನಂತರ ಚಹಾ, ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ತಾಸಾದರೂ ದೇಹದಲ್ಲಿ ಉಳಿದಿರುತ್ತದೆ. ನಿದ್ದೆಗಾಗಿ ಮದ್ಯ ಕುಡಿಯುವುದಂತೂ ಬೇಡವೇ ಬೇಡ. ಅದು ಬೇಗ ಮಲಗಿಸಿ ನಡುರಾತ್ರಿ ಎಬ್ಬಿಸುತ್ತದೆ.

* ಭಾನುವಾರ ಸಂಜೆಯನ್ನು ಖಾಲಿ ಬಿಡಬೇಡಿ. ಮಾಗಳದವರಿಗಾದರೆ ತುಂಗಭದ್ರೆಯ ದಂಡೆ ಇದೆ. ಬೇರೆಡೆಯವರಿಗೆ ಹೊಲದ ದಾರಿಯೋ ಉದ್ಯಾನವೋ ಇದ್ದೇ ಇರುತ್ತದೆ. ಅರ್ಧ ತಾಸು ನಡೆದು ಬನ್ನಿ. ಮನೆಯವರನ್ನೂ ಕರೆದುಕೊಂಡು ಹೋಗಿ.

* ದೂರದ ಊರಿಗೆ ಹಿಂತಿರುಗುವವರು ಸಾಧ್ಯವಾದರೆ ಹಗಲಿನ ಬಸ್ಸು ಹಿಡಿದು, ರಾತ್ರಿ ಹಾಸಿಗೆಯಲ್ಲಿ ಮಲಗಿ.

ಮನೆಯವರಿಗೆ ಎರಡು ಮಾತು

"ಎಲ್ಲರೂ ದುಡಿಯಲ್ವಾ, ನಿನಗೊಬ್ಬನಿಗೇ ಏನು?" ಎನ್ನಬೇಡಿ. "ನಾಳೆ ಏನು ಕೆಲಸ?" ಎಂದು ಕೇಳಿ, ಬುದ್ಧಿ ಹೇಳದೆ ಐದು ನಿಮಿಷ ಕೇಳಿಸಿಕೊಳ್ಳಿ. ದುಡಿಯಲು ಹೋಗುವ ಹೆಣ್ಣುಮಕ್ಕಳಿಗಂತೂ ಭಾನುವಾರ ಎಂದರೆ ವಾರದ ಬಟ್ಟೆ, ವಿಶೇಷ ಅಡುಗೆ, ಬಂದವರ ಉಪಚಾರ. ರಜೆಯನ್ನೇ ಕಾಣದವರು ಸೋಮವಾರಕ್ಕೆ ಹೆದರದೆ ಏನು ಮಾಡಿಯಾರು? ಆ ಕೆಲಸದಲ್ಲಿ ಪಾಲು ತೆಗೆದುಕೊಳ್ಳುವುದೇ ಅವರಿಗೆ ಮದ್ದು.

ಮಕ್ಕಳಿಗೂ ಇದು ಬರುತ್ತದೆ. ಭಾನುವಾರ ರಾತ್ರಿಯೇ ಹೊಟ್ಟೆನೋವು ಎನ್ನುವ ಮಗುವನ್ನು ಕಳ್ಳನೆಪ ಎಂದು ಗದರಬೇಡಿ. ತರಗತಿಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ, ಅಣಕಿಸುತ್ತಾರೆಯೇ, ಯಾವುದಾದರೂ ಪಾಠ ತಲೆಗೆ ಹತ್ತುತ್ತಿಲ್ಲವೇ, ಮೆಲ್ಲಗೆ ವಿಚಾರಿಸಿ.

ವೈದ್ಯರನ್ನು ಯಾವಾಗ ಕಾಣಬೇಕು?

ಎದೆ ಹಿಂಡಿದಂಥ ನೋವು, ತಣ್ಣನೆಯ ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಇದ್ದರೆ ಅದನ್ನು ಮನಸ್ಸಿನ ಭಯ ಎಂದು ನೀವೇ ತೀರ್ಮಾನಿಸಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಆತಂಕ ಭಾನುವಾರಕ್ಕೆ ನಿಲ್ಲದೆ ಎರಡು ವಾರ ಬಿಡದೆ ಕಾಡಿದರೆ, ಊಟ ನಿದ್ದೆ ಕೆಟ್ಟರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ವೈದ್ಯರ ಸಲಹೆ ಬೇಕೇಬೇಕು. ಅಂಗಡಿಯಿಂದ ನೀವೇ ನಿದ್ದೆ ಮಾತ್ರೆ ತಂದು ನುಂಗಬೇಡಿ, ಅದು ಚಟವಾಗುತ್ತದೆ. ಬದುಕೇ ಬೇಡ ಎನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ. ಮನೆಯವರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಗುಮಾಸ್ತರ ಕಥೆ ಏನಾಯಿತು? ಮೊದಲು ಹೆಂಡತಿಗೆ ಹೇಳಿದರು. ನಂತರ ಒಂದು ಬುಧವಾರ, ಮೀಟಿಂಗಿಗೆ ಕಾಯದೆ, ಮೇಲಧಿಕಾರಿಯ ಮುಂದೆ ಕಾಗದಗಳನ್ನು ಇಟ್ಟರು. ಹಿರಿಯ ಸಹೋದ್ಯೋಗಿಯೊಬ್ಬರು ಜೊತೆಗೆ ಕೂತು ಲೆಕ್ಕ ಬಿಡಿಸಲು ಕೆಲವು ವಾರ ಹಿಡಿಯಿತು. ಮೊನ್ನೆ ಒಂದು ಭಾನುವಾರ ಸಂಜೆ ಮಗಳ ನೆಗಡಿಗೆ ಔಷಧ ಕೇಳಲು ಬಂದಿದ್ದರು. ಅವರ ಹೊಟ್ಟೆನೋವಿನ ಬಗ್ಗೆ ನಾನೇ ವಿಚಾರಿಸಿದೆ.

"ಬೈಸಿಕೊಂಡಿದ್ದು ಖರೇರಿ ಡಾಕ್ಟ್ರ," ಎಂದರು ನಗುತ್ತ. "ಆದ್ರ ಒಂದ ದಿನ ಬೈಸಿಕೊಂಡೆ. ಮೊದ್ಲು ಎಂಟು ತಿಂಗ್ಳು ನನ್ನ ನಾನ ಬೈಕೊಂತಿದ್ದೆ."

ಇಂದು ಸಂಜೆ ನಿಮ್ಮ ಹೊಟ್ಟೆಯಲ್ಲೂ ಕಲ್ಲಿಟ್ಟಂತೆ ಆದರೆ, ಮಾತ್ರೆ ಹುಡುಕುವ ಮೊದಲು ಒಂದು ಚೀಟಿ, ಒಂದು ಪೆನ್ನು ತೆಗೆದುಕೊಳ್ಳಿ.