ಕಂಕುಳಲ್ಲಿದ್ದ ಕೂಸು

ಗಾಜಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ರಾತ್ರಿ ‘ದಿ ಕ್ವೈಟ್ ಮ್ಯಾನ್’ ಸಿನಿಮಾ ನೋಡುತ್ತ ಕುಳಿತಿದ್ದೆ. ಐರ್ಲೆಂಡಿನ ಹಳ್ಳಿ, ಕಲ್ಲು ಪೇರಿಸಿದ ಬದುಗಳು, ಕೆಂಪು ಕೂದಲಿನ ಸಿಡುಕಿ ಹುಡುಗಿ, ಅವಳ ಮೊಂಡ ಅಣ್ಣ, ನಡುವೆ ಬೀಗತನ ಕೂಡಿಸಲು ಕುದುರೆಗಾಡಿಯಲ್ಲಿ ತಿರುಗುವ ದಲ್ಲಾಳಿ. ಇಂಗ್ಲಿಷಿನ ಒಂದಕ್ಷರ ತಿಳಿಯದ ಮುತ್ಯಾ ಪಕ್ಕದಲ್ಲಿ ಬಂದು ಕುಳಿತ. ಸ್ವಲ್ಪ ಹೊತ್ತು ನೋಡಿ, “ಇದು ನಮ್ಮ ಧುತ್ತರಗಿ ನಾಟಕ ಅದಲ್ಲೋ ತಮ್ಮಾ. ಸಂಪತ್ತಿಗೆ ಸವಾಲ್. ಹೊಲ ಅಷ್ಟ ಬ್ಯಾರೆ ಅವ” ಅಂದ.

ನಕ್ಕು ಸುಮ್ಮನಾದೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ಮುತ್ಯಾ ಹೇಳಿದ ನಾಟಕವೂ ಸಿನಿಮಾ ಆಗಿತ್ತು. ಎರಡೂ ಚಿತ್ರಗಳ ಹುಟ್ಟಿನ ಕತೆ ಕೆದಕಿದಾಗ ಒಂದೇ ಗಾದೆ ಎರಡು ಕಡೆಯೂ ಕಂಡಿತು: ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

ಮೊದಲು ಆ ಕಡೆಯ ಕೂಸು. 1933ರಲ್ಲಿ ಅಮೆರಿಕದ ‘ಸ್ಯಾಟರ್ಡೆ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆಯಲ್ಲಿ ಐರಿಷ್ ಲೇಖಕ ಮಾರಿಸ್ ವಾಲ್ಷ್ ಅವರ ಸಣ್ಣಕತೆಯೊಂದು ಬಂತು. ಅದು ನಿರ್ದೇಶಕ ಜಾನ್ ಫೋರ್ಡ್ ಕಣ್ಣಿಗೆ ಬಿತ್ತು. ಫೋರ್ಡ್ ಹುಟ್ಟಿದ್ದು ಅಮೆರಿಕದ ಮೇನ್ ರಾಜ್ಯದಲ್ಲಾದರೂ ತಂದೆತಾಯಿ ಐರ್ಲೆಂಡಿನ ಗಾಲ್ವೇ ಸೀಮೆಯಿಂದ ವಲಸೆ ಬಂದವರು. ಪರದೇಶದಲ್ಲಿ ದುಡಿದು ದಣಿದವನೊಬ್ಬ ಹಿರಿಯರ ಊರಿಗೆ ಮರಳುವ ಆ ಕತೆ ಅವರಿಗೆ ಮನೆಯ ಮಾತಿನಂತೆ ಕೇಳಿರಬೇಕು. 1936ರಲ್ಲಿ ಕೇವಲ 10 ಡಾಲರ್ ಮುಂಗಡ ಕೊಟ್ಟು ಹಕ್ಕು ಕಾಯ್ದಿರಿಸಿಕೊಂಡರು.

ಅಲ್ಲಿಂದ ಶುರುವಾಯಿತು ಅಲೆದಾಟ. ಪ್ರಶಸ್ತಿಯ ಮೇಲೆ ಪ್ರಶಸ್ತಿ ಪಡೆದ ನಿರ್ದೇಶಕ ಬಾಗಿಲಿಗೆ ಬಂದರೂ ದೊಡ್ಡ ಸ್ಟುಡಿಯೊಗಳು ಈ ಹಳ್ಳಿಯ ಪ್ರೇಮಪ್ರಸಂಗಕ್ಕೆ ದುಡ್ಡು ಹಾಕಲಿಲ್ಲ. ಕೊನೆಗೆ ಹೂಂ ಅಂದದ್ದು ಕಡಿಮೆ ಖರ್ಚಿನ ಕೌಬಾಯ್ ಚಿತ್ರಗಳಿಗೆ ಹೆಸರಾದ ರಿಪಬ್ಲಿಕ್ ಕಂಪನಿ. ಅದರ ಯಜಮಾನ ಹರ್ಬರ್ಟ್ ಯೇಟ್ಸ್ ಹಾಕಿದ ಷರತ್ತು ಪಕ್ಕಾ ವ್ಯಾಪಾರದ್ದು: ಇದೇ ನಾಯಕ, ಇದೇ ನಾಯಕಿಯನ್ನು ಹಾಕಿ ಮೊದಲು ಲಾಭ ತರುವ ಒಂದು ಕೌಬಾಯ್ ಚಿತ್ರ ಮಾಡಿಕೊಡಿ. ಹಾಗೆ 1950ರಲ್ಲಿ ‘ರಿಯೊ ಗ್ರಾಂಡೆ’ ಬಂತು. 1951ರ ಬೇಸಿಗೆಯಲ್ಲಿ ಜಾನ್ ವೇನ್, ಮಾರೀನ್ ಒಹಾರ ಜೊತೆ ಫೋರ್ಡ್ ಐರ್ಲೆಂಡಿನ ಕಾಂಗ್ ಎಂಬ ಹಳ್ಳಿಗೆ ಇಳಿದರು. 1952ರಲ್ಲಿ ತೆರೆಕಂಡ ಚಿತ್ರ ನಿರ್ದೇಶನಕ್ಕೂ ಛಾಯಾಗ್ರಹಣಕ್ಕೂ ಆಸ್ಕರ್ ಗೆದ್ದಿತು. ಓದಿದ ಕತೆ ಪರದೆಗೆ ಬರಲು ಹಿಡಿದದ್ದು 19 ವರ್ಷ.

ಈ ಚಿತ್ರದ ಗಂಟು ಇರುವುದು ವರದಕ್ಷಿಣೆಯಲ್ಲಿ. ನಮಗೆ ಆ ಪದ ಕೇಳಿದರೆ ಕೈಚಾಚುವ ಗಂಡಿನ ಕಡೆಯವರು ನೆನಪಾಗುತ್ತಾರೆ. ಇಲ್ಲಿ ಗಂಡ ಶಾನ್ ಥಾರ್ನ್‌ಟನ್ ‘ನನಗೆ ನಿನ್ನ ದುಡ್ಡು ಬೇಡ’ ಅನ್ನುವವನು. ಹಟ ಹಿಡಿಯುವವಳು ಹೆಂಡತಿ ಮೇರಿ ಕೇಟ್. ಅವ್ವನಿಂದ ಬಂದ ಸಾಮಾನು, ತನ್ನ ಹೆಸರಿನ 350 ಪೌಂಡು ಅಣ್ಣನ ಕೈಯಿಂದ ಬಾರದೆ ತಾನು ಈ ಮನೆಯ ಯಜಮಾನಿ ಆಗುವುದಿಲ್ಲ ಎಂಬುದು ಅವಳ ನಿಲುವು. ನಮ್ಮ ಹೆಣ್ಣುಮಕ್ಕಳು ಬಳುವಳಿಯ ಹಂಡೆ, ಪಾತ್ರೆಗಳ ಮೇಲೆ ತಮ್ಮ ಹೆಸರು ಕೊರೆಸಿದ್ದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕೊನೆಗೂ ಹಣ ಕೈಗೆ ಬಂದಾಗ ಗಂಡ ಅದನ್ನು ಉರಿವ ಒಲೆಗೆ ಎಸೆಯುತ್ತಾನೆ. ಆ ಒಲೆಯ ಬಾಗಿಲು ತೆರೆದು ಹಿಡಿಯುವವಳು ಅವಳೇ. ಬೇಕಾದದ್ದು ರೊಕ್ಕವಲ್ಲ, ಹಕ್ಕು ಎಂಬುದು ಒಂದೂ ಮಾತಿಲ್ಲದೆ ತಿಳಿಯುತ್ತದೆ.

ಈಗ ನಮ್ಮ ಕಡೆಯ ಕೂಸು. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ ಉತ್ತರ ಕರ್ನಾಟಕದ ಕಂಪನಿಗಳು ಊರೂರು ಆಡಿದ ನಾಟಕ. ಸಾಹುಕಾರನ ಮನೆಯ ಸೊಕ್ಕಿನ ದುರ್ಗಾ ಒಂದು ಕಡೆ, ಬಡವನಾದರೂ ತಲೆಬಾಗದ ಭದ್ರ ಇನ್ನೊಂದು ಕಡೆ. ಜಾತ್ರೆ ಬಂತೆಂದರೆ ಕಂಪನಿ ಕ್ಯಾಂಪ್ ಹಾಕಿತು ಎಂದೇ ಲೆಕ್ಕ. ತಗಡಿನ ಗೋಡೆ, ಬಣ್ಣದ ಪರದೆ, ಮುಂದೆ ಕಾಲಲ್ಲಿ ಒತ್ತುವ ಹಾರ್ಮೋನಿಯಂ, ಹಿಂದೆ ಗದ್ದಲದ ಜನ. ಅಲ್ಲಿ ಹಾಡು ಬಾರದವನು ನಾಯಕನಾಗುವಂತಿರಲಿಲ್ಲ.

ಈ ನಾಟಕ 1974ರಲ್ಲಿ ಸಿನಿಮಾ ಆಯಿತು. ನಿರ್ದೇಶನ ಎ.ವಿ. ಶೇಷಗಿರಿರಾವ್, ಸಂಗೀತ ಜಿ.ಕೆ. ವೆಂಕಟೇಶ್, ಸಾಹಿತ್ಯ ಚಿ. ಉದಯಶಂಕರ್. ಭದ್ರನಾಗಿ ರಾಜ್‌ಕುಮಾರ್, ದುರ್ಗಾಳಾಗಿ ಮಂಜುಳಾ. ಅದರಲ್ಲಿ ಎಮ್ಮೆಯ ಬೆನ್ನೇರಿ ಕುಳಿತು ಊರನ್ನೇ ಅಣಕಿಸುತ್ತ ಹಾಡುವ ಒಂದು ಹಾಡಿದೆ. ನಮ್ಮ ಕಡೆ ಇಂದಿಗೂ ಅದಕ್ಕೆ ‘ಎಮ್ಮಿ ಹಾಡ’ ಎಂದೇ ಹೆಸರು. ವರ್ಷಗಟ್ಟಲೆ ರಾಜ್‌ಕುಮಾರ್ ತುಟಿಗೆ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. ಈ ಹಾಡನ್ನು ಮಾತ್ರ ವೆಂಕಟೇಶ್ ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರು. ಹಾಡು ಹಬ್ಬಿದ ಮೇಲೆ ಜನಕ್ಕೆ ಬೇರೆ ದನಿ ಬೇಡವಾಯಿತು. ಅಲ್ಲಿಂದಾಚೆ ತಮ್ಮ ಬಹುಪಾಲು ಹಾಡುಗಳನ್ನು ಅವರೇ ಹಾಡಿದರು. ‘ಜೀವನ ಚೈತ್ರ’ ಚಿತ್ರಕ್ಕಾಗಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ಆ ದನಿ ಎಲ್ಲಿಂದ ಬಂತು? ಅಪ್ಪ ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಮುಂದೆ ರಾಜ್‌ಕುಮಾರ್ ಆದ ಹುಡುಗ ಮುತ್ತುರಾಜ ಶಾಲೆ ಬಿಟ್ಟು ಬೆಳೆದದ್ದು ಅಲ್ಲೇ, ಹಾರ್ಮೋನಿಯಂ ಎದುರು. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಸಿನಿಮಾದ ನಾಯಕನಾದಾಗ ಅಲ್ಲಿಯ ಪದ್ಧತಿ ಬೇರೆ ಇತ್ತು. ಹಾಡುವವರು ಸ್ಟುಡಿಯೊದಲ್ಲಿ ಮೊದಲೇ ಹಾಡಿ ಹೋಗುತ್ತಿದ್ದರು. ನಟ ಕ್ಯಾಮೆರಾದ ಮುಂದೆ ತುಟಿ ಆಡಿಸಿದರೆ ಸಾಕು. ರಂಗದ ಮೇಲೆ ಒಂದೇ ಮೈಯಲ್ಲಿದ್ದ ನಟ ಮತ್ತು ಗಾಯಕ ಇಬ್ಬರಾದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜೊತೆ ಒಂದು ಯುಗಳಗೀತೆ ಹಾಡಿದ್ದರೂ ಯಾರೂ ಆ ಎಳೆ ಹಿಡಿದು ಮುಂದೆ ಹೋಗಲಿಲ್ಲ. ನೂರನೆಯ ಚಿತ್ರ ‘ಭಾಗ್ಯದ ಬಾಗಿಲು’ 1968ರಲ್ಲೇ ಬಂದು ಹೋಗಿತ್ತು. ಕಂಪನಿಯಲ್ಲಿ ಪಳಗಿದ ಕಂಠ ಹೊರಬರಲು ಕಂಪನಿ ನಾಟಕವೇ ಸಿನಿಮಾ ಆಗಬೇಕಾಯಿತು. 1954ರಿಂದ 1974ಕ್ಕೆ 20 ವರ್ಷ. ಫೋರ್ಡ್ ಲೆಕ್ಕಕ್ಕಿಂತ ಒಂದು ಹೆಚ್ಚು.

ಎರಡೂ ಚಿತ್ರಗಳಲ್ಲಿ ಇಂದಿನ ಕಣ್ಣಿಗೆ ಚುಚ್ಚುವುದೂ ಇದೆ. ಶಾನ್ ಹೆಂಡತಿಯನ್ನು ರೈಲಿನಿಂದ ಇಳಿಸಿ ಹೊಲಗಳ ಮೇಲೆ ದರದರ ಎಳೆದು ತರುತ್ತಾನೆ, ಊರು ಹಿಂದೆ ನಗುತ್ತ ಬರುತ್ತದೆ. ಹೆಣ್ಣಿನ ಸೊಕ್ಕು ಇಳಿಸುವುದೇ ‘ಸಂಪತ್ತಿಗೆ ಸವಾಲ್’ನಲ್ಲಿಯೂ ಚಪ್ಪಾಳೆಯ ಜಾಗ. ಸಾಹುಕಾರನ ಸೊಕ್ಕು ಮುರಿದಾಗ ಬಡವ ತಟ್ಟಿದ ಚಪ್ಪಾಳೆಯ ಜೊತೆ ಇದೂ ಬೆರೆತು ಹೋಗಿದೆ. ಬೇರೆ ಮಾಡಿ ನೋಡುವ ಕೆಲಸ ನಮ್ಮದು. ಆದರೂ ಒಹಾರ ಮತ್ತು ಮಂಜುಳಾ ಆ ಪಾತ್ರಗಳನ್ನು ಮೆತ್ತಗಾಗಲು ಬಿಟ್ಟಿಲ್ಲ. ಚಿತ್ರ ಮುಗಿದ ಮೇಲೆ ನೆನಪಲ್ಲಿ ಉಳಿಯುವುದು ಅವರು ಸೋತ ಗಳಿಗೆಯಲ್ಲ, ಎದುರು ನಿಂತ ಗಳಿಗೆ.

ಇಷ್ಟೆಲ್ಲ ತಿಳಿದುಕೊಂಡ ಹುರುಪಿನಲ್ಲಿ ಮುತ್ಯಾನ ಬಳಿ ಹೋಗಿ, “ರಾಜ್‌ಕುಮಾರ್ ದನಿ ಸಿಕ್ಕದ್ದು 1974ರಾಗಂತ, ಗೊತ್ತದನ?” ಅಂದೆ. ಜಾತ್ರೆಯ ಕಂಪನಿಗಳಲ್ಲಿ ಹಿಂದಿನ ಸಾಲಿಗೆ ಕುಳಿತು, ಅಲ್ಲಿಯವರೆಗೂ ಕೇಳಿಸುವ ಗಂಟಲಿದ್ದವನನ್ನೇ ನಾಯಕನೆಂದು ಒಪ್ಪಿದ ಮನುಷ್ಯ ಆತ. ಎಲೆಯ ತೊಟ್ಟು ಮುರಿಯುತ್ತ ನನ್ನ ಮುಖ ನೋಡಿದ.

“ಸಿಕ್ಕದ್ದಂತ? ಕಳದದ್ದ್ಯಾವಾಗೋ?”