ಕಾದಂಬರಿ ಬರೆದಳು, ಲೆಕ್ಕವನ್ನೂ ಇಟ್ಟಳು

ಕಥೆ ಬರೆಯುವವರಿಗೆ ಲೆಕ್ಕ ಬಾರದು, ಲೆಕ್ಕ ಬರೆಯುವವರಿಗೆ ಕಥೆ ಹಿಡಿಸದು ಎಂದು ಹೇಳುವವರಿದ್ದಾರೆ. ಬದುಕಿನ ಬಹುಭಾಗ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದ ನನಗೆ ಈ ಮಾತಿನ ಎರಡನೆಯ ಅರ್ಧ ಸುಳ್ಳೆಂದು ಗೊತ್ತು. ಲೆಡ್ಜರಿನ ಪಕ್ಕದಲ್ಲಿ ಕಾದಂಬರಿ ಇಟ್ಟುಕೊಳ್ಳದ ಗುಮಾಸ್ತರು ನಮ್ಮ ಕಾಲದಲ್ಲಿ ಕಡಿಮೆ. ಮೊದಲನೆಯ ಅರ್ಧವೂ ಸುಳ್ಳೆಂದು ತೋರಿಸಿಕೊಟ್ಟವಳು ಇಂಗ್ಲೆಂಡಿನ ಜೇನ್ ಆಸ್ಟಿನ್.

ಇನ್ನೂರು ವರ್ಷಗಳ ಹಿಂದೆ ಆಕೆ ಬರೆದ ಪ್ರೇಮ ಕಾದಂಬರಿಗಳು ಇಂದಿಗೂ ಅಚ್ಚಾಗುತ್ತಿವೆ, ಸಿನಿಮಾಗಳಾಗುತ್ತಿವೆ. ಆದರೆ ಬದುಕಿದ್ದಾಗ ಹೊರಬಂದ ನಾಲ್ಕು ಕಾದಂಬರಿಗಳಲ್ಲಿ ಮೂರನ್ನು ಆಕೆ ತನ್ನದೇ ಜವಾಬ್ದಾರಿಯಲ್ಲಿ ಅಚ್ಚು ಹಾಕಿಸಿದಳು. ಲಾಭ ಬಂದರೆ ಆಕೆಗೆ, ನಷ್ಟವಾದರೂ ಆಕೆಯ ತಲೆಗೆ. ಸ್ವಂತ ಸಂಪಾದನೆಯೇ ಇಲ್ಲದ ಒಬ್ಬ ಹೆಣ್ಣುಮಗಳು ಈ ಧೈರ್ಯ ಮಾಡಿದ್ದು ಹೇಗೆ? ಮಕ್ಕಳೇ, ಆ ಕಥೆ ಕೇಳಿ. ಅಜ್ಜ ಅಜ್ಜಿಯರೂ ಜೊತೆಗೆ ಕೂರಲಿ.

ಅಪ್ಪ ಕೊಟ್ಟ ನೋಟ್‌ಬುಕ್

ಜೇನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ದಕ್ಷಿಣ ಇಂಗ್ಲೆಂಡಿನ ಸ್ಟೀವನ್‌ಟನ್ ಎಂಬ ಹಳ್ಳಿಯಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವಳು. ತಂದೆ ಊರಿನ ಚರ್ಚಿನ ಪಾದ್ರಿ. ಸಂಸಾರ ಸಾಗಬೇಕಲ್ಲ, ಹುಡುಗರನ್ನು ಮನೆಯಲ್ಲೇ ಇರಿಸಿಕೊಂಡು ಪಾಠವನ್ನೂ ಹೇಳುತ್ತಿದ್ದರು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ.

ಹನ್ನೊಂದು ಹನ್ನೆರಡರ ವಯಸ್ಸಿನಲ್ಲೇ ಜೇನ್ ಮನೆಯವರನ್ನು ನಗಿಸಲು ಕಥೆ ಬರೆಯತೊಡಗಿದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಬರೆದ ಒಂದು ಕಥೆಯ ಹೆಸರಿನಲ್ಲೇ ತಪ್ಪಿದೆ. ಫ್ರೆಂಡ್‌ಶಿಪ್ ಎಂಬ ಪದದಲ್ಲಿ ‘ಐ’ ಮತ್ತು ‘ಇ’ ಅಕ್ಷರಗಳು ಅದಲು ಬದಲಾಗಿವೆ! ಡಿಕ್ಟೇಷನ್‌ನಲ್ಲಿ ಅಂಕ ಕಳೆದುಕೊಂಡವರು ಇದನ್ನು ನೆನಪಿಟ್ಟುಕೊಂಡು ಸಮಾಧಾನ ಪಡಬಹುದು.

ತಂದೆ ಮಗಳ ಬರವಣಿಗೆಯನ್ನು ಆಟವೆಂದು ತಳ್ಳಿಹಾಕಲಿಲ್ಲ. ಬರೆಯಲು ನೋಟ್‌ಬುಕ್ ಕೊಟ್ಟರು. ಇನ್ನೊಂದು ನೋಟ್‌ಬುಕ್ಕಿನ ಒಳಗೆ, ಇದು ಎಳೆಯ ಹುಡುಗಿಯೊಬ್ಬಳ ಕಲ್ಪನೆ, ಪೂರ್ತಿ ಹೊಸ ಬಗೆಯ ಕಥೆಗಳು ಎಂಬ ಅರ್ಥ ಬರುವಂತೆ ತಾವೇ ಬರೆದರು. 1794ರಲ್ಲಿ ಅವರು 12 ಷಿಲ್ಲಿಂಗ್ ಕೊಟ್ಟು ಬರೆಯುವ ಪೆಟ್ಟಿಗೆಯೊಂದನ್ನು ಕೊಂಡರು. ಅದು ಜೇನ್‌ಗೆ ಕೊಟ್ಟ ಹುಟ್ಟುಹಬ್ಬದ ಉಡುಗೊರೆ ಎಂದು ನಂಬುತ್ತಾರೆ. ಹಳೆಯ ಮಂಡಿ ಅಂಗಡಿಗಳಲ್ಲಿ ಗುಮಾಸ್ತರ ಮುಂದೆ ಇಳಿಜಾರು ಮುಚ್ಚಳದ ಪೆಟ್ಟಿಗೆ ಇರುತ್ತಿತ್ತಲ್ಲ, ಹೆಚ್ಚುಕಡಿಮೆ ಅಂಥದೇ. ಮುಚ್ಚಳದ ಮೇಲೆ ಬರೆಯಬಹುದು, ಒಳಗೆ ಕಾಗದ, ಶಾಯಿ, ಹಣ ಇಡಬಹುದು.

1798ರಲ್ಲಿ ಈ ಪೆಟ್ಟಿಗೆಗೆ ಒಂದು ಪ್ರಸಂಗ ಒದಗಿತು. ಪ್ರಯಾಣದ ಮಧ್ಯೆ ಡಾರ್ಟ್‌ಫರ್ಡ್ ಎಂಬ ಊರಿನಲ್ಲಿ ಇಳಿದಾಗ, ಅದನ್ನು ಯಾರೋ ಬೇರೆ ಕುದುರೆಗಾಡಿಗೆ ಏರಿಸಿಬಿಟ್ಟಿದ್ದರು. ಆ ಗಾಡಿ ಹೊರಟಿದ್ದು ವೆಸ್ಟ್ ಇಂಡೀಸಿಗೆ ಹಡಗು ಹತ್ತುವವರೊಡನೆ! ಕುದುರೆ ಸವಾರನೊಬ್ಬ ಬೆನ್ನಟ್ಟಿ, ಎರಡು ಮೂರು ಮೈಲಿ ದೂರದಲ್ಲಿ ಹಿಡಿದು ತಂದುಕೊಟ್ಟ. ಪೆಟ್ಟಿಗೆಯೊಳಗೆ 7 ಪೌಂಡ್ ಇತ್ತು. ತನ್ನ ಇಡೀ ಆಸ್ತಿಯೇ ಅದು ಎಂದು ಜೇನ್ ಅಕ್ಕ ಕಸ್ಸಾಂಡ್ರಳಿಗೆ ತಮಾಷೆಯಾಗಿ ಬರೆದಳು. ಆ ತಮಾಷೆಯಲ್ಲಿ ನಿಜವೂ ಇತ್ತು. ಇಂದು ಆ ಪೆಟ್ಟಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಬಾಗಿಲುಗಳು ಮುಚ್ಚಿದ ಕಾಲ

1797ರಲ್ಲಿ ತಂದೆ ಮಗಳ ಕಾದಂಬರಿಯೊಂದರ ವಿಷಯವಾಗಿ ಲಂಡನ್ನಿನ ಪ್ರಕಾಶಕರೊಬ್ಬರಿಗೆ ಪತ್ರ ಬರೆದರು. ಹಸ್ತಪ್ರತಿಯನ್ನು ನೋಡದೆಯೇ, ಬೇಡ ಎಂಬ ಉತ್ತರ ಮರುಟಪಾಲಿನಲ್ಲೇ ಬಂತು. ಅದೇ ಕಥೆ ತಿದ್ದುಪಡಿಯಾಗಿ 16 ವರ್ಷದ ನಂತರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂಬ ಹೆಸರಿನಲ್ಲಿ ಹೊರಬಂತು.

1802ರ ಡಿಸೆಂಬರಿನಲ್ಲಿ ದೊಡ್ಡ ಜಮೀನಿಗೆ ವಾರಸುದಾರನಾದ ಯುವಕನೊಬ್ಬ ಜೇನ್‌ಳನ್ನು ಮದುವೆಯಾಗಲು ಕೇಳಿದ. ಆಕೆ ಒಪ್ಪಿದಳು. ಬೆಳಗಾಗುವುದರೊಳಗೆ ಮನಸ್ಸು ಬದಲಾಗಿ, ಆಗುವುದಿಲ್ಲ ಎಂದು ಹೇಳಿ ಊರಿಗೆ ಹೊರಟುಬಂದಳು. ಒಪ್ಪಿದ್ದರೆ ಜೀವನಪೂರ್ತಿ ಊಟ ಬಟ್ಟೆಗೆ ಚಿಂತೆಯಿರಲಿಲ್ಲ. ಮುಂದೆ ಆಕೆ ಮದುವೆಯಾಗಲೇ ಇಲ್ಲ. 1805ರಲ್ಲಿ ತಂದೆ ತೀರಿಕೊಂಡರು. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಗಂಡುಮಕ್ಕಳು ಕೊಡುವ ಹಣವನ್ನು ನೆಚ್ಚಿಕೊಂಡು, ಊರಿಂದೂರಿಗೆ ಮನೆ ಬದಲಿಸುತ್ತ ಬದುಕಬೇಕಾಯಿತು.

ಅಷ್ಟರಲ್ಲಿ, 1803ರಲ್ಲಿ, ‘ಸೂಸನ್’ ಎಂಬ ಕಾದಂಬರಿಯನ್ನು ಪ್ರಕಾಶಕನೊಬ್ಬ 10 ಪೌಂಡಿಗೆ ಕೊಂಡಿದ್ದ. ಕೊಂಡವನು ಅಚ್ಚು ಹಾಕಲೇ ಇಲ್ಲ. ಆರು ವರ್ಷ ಕಾದು, ಜೇನ್ ಬೇರೆ ಹೆಸರಿನಲ್ಲಿ ಅವನಿಗೊಂದು ಖಾರದ ಪತ್ರ ಬರೆದಳು. ಆ ಸುಳ್ಳು ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಇಂಗ್ಲಿಷಿನಲ್ಲಿ ‘ಮ್ಯಾಡ್’ ಎಂದಾಗುತ್ತಿತ್ತು! ಬೇಕಿದ್ದರೆ 10 ಪೌಂಡ್ ಕೊಟ್ಟು ವಾಪಸು ತೆಗೆದುಕೊಳ್ಳಿ, ಬೇರೆಲ್ಲಾದರೂ ಅಚ್ಚು ಹಾಕಿಸಿದರೆ ಕಾನೂನು ಕ್ರಮ ಎಂದು ಆತ ಉತ್ತರಿಸಿದ. ಹಸ್ತಪ್ರತಿ ಅಲ್ಲೇ ಉಳಿಯಿತು.

ಕಿರುಗುಟ್ಟುವ ಬಾಗಿಲು

1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಎಂಬ ಹಳ್ಳಿಯಲ್ಲಿದ್ದ ತನ್ನದೊಂದು ಮನೆಯನ್ನು ತಾಯಿ ತಂಗಿಯರಿಗೆ ಬಿಟ್ಟುಕೊಟ್ಟ. ಆರು ಕಾದಂಬರಿಗಳೂ ಕೊನೆಯ ರೂಪ ಪಡೆದು ಹೊರಬಂದದ್ದು ಆಕೆ ಈ ಮನೆಗೆ ಬಂದ ಮೇಲೆಯೇ.

ಆಕೆಗೆ ಬರೆಯಲು ಪ್ರತ್ಯೇಕ ಕೋಣೆ ಇರಲಿಲ್ಲ. ದಿನಚರಿ ಹೀಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಪಿಯಾನೋ ನುಡಿಸುವುದು. ಒಂಬತ್ತಕ್ಕೆ ಎಲ್ಲರಿಗೂ ಉಪಾಹಾರ ಸಿದ್ಧಮಾಡುವುದು. ಟೀ ಮತ್ತು ಸಕ್ಕರೆಯ ದಾಸ್ತಾನು ನೋಡಿಕೊಳ್ಳುವುದು ಆಕೆಯ ಪಾಲಿನ ಕೆಲಸ. ಮನೆವಾರ್ತೆಯ ಉಳಿದ ಭಾರವನ್ನು ಅಕ್ಕ ಕಸ್ಸಾಂಡ್ರ ಹೊತ್ತಳು. ಅಕ್ಕ ಹಾಗೆ ಬಿಡುವು ಮಾಡಿಕೊಡದಿದ್ದರೆ ತಂಗಿಯ ಕಾದಂಬರಿಗಳು ಹುಟ್ಟುತ್ತಿದ್ದವೋ ಇಲ್ಲವೋ.

ಕಿಟಕಿಯ ಬಳಿಯ 12 ಮೂಲೆಗಳ ಪುಟ್ಟ ಮೇಜು, ಅದರ ಮೇಲೆ ಸಣ್ಣ ಸಣ್ಣ ಹಾಳೆಗಳು. ಯಾರಾದರೂ ಬಂದರೆ ಹಾಳೆಯನ್ನು ತಟ್ಟನೆ ಮರೆಮಾಡಬಹುದು. ಆ ಮನೆಯ ಒಂದು ಬಾಗಿಲು ತೆರೆದರೆ ಕಿರುಗುಟ್ಟುತ್ತಿತ್ತು. ಅದನ್ನು ಸರಿಪಡಿಸುವುದು ಬೇಡ ಎಂದು ಜೇನ್ ಹೇಳಿದ್ದಳಂತೆ. ಯಾರೋ ಬರುತ್ತಿದ್ದಾರೆಂದು ಎಚ್ಚರಿಸುವ ಗಂಟೆ ಅದು! ಈ ಸಂಗತಿಯನ್ನು ಬರೆದಿಟ್ಟವನು ಆಕೆಯ ಅಣ್ಣನ ಮಗ.

ಅಣ್ಣನ ಮಗಳೊಬ್ಬಳ ನೆನಪು ಇನ್ನೂ ಸೊಗಸಾಗಿದೆ. ಜೇನ್ ಅತ್ತೆ ಬೆಂಕಿಗೂಡಿನ ಪಕ್ಕ ಸುಮ್ಮನೆ ಹೊಲಿಗೆ ಹಾಕುತ್ತ ಕುಳಿತಿರುತ್ತಿದ್ದಳು. ಇದ್ದಕ್ಕಿದ್ದಂತೆ ತನ್ನಷ್ಟಕ್ಕೆ ನಕ್ಕು, ಎದ್ದು ಮೇಜಿನತ್ತ ಓಡಿ ಏನೋ ಗೀಚಿ, ಮತ್ತೆ ಬಂದು ಹೊಲಿಗೆ ಹಿಡಿಯುತ್ತಿದ್ದಳು. ಕೈ ಬಟ್ಟೆಯ ಮೇಲಿದ್ದರೂ ತಲೆ ಕಥೆಯಲ್ಲೇ ಇತ್ತು. ಹೊಲಿಗೆಯ ಅಭ್ಯಾಸ ಹಸ್ತಪ್ರತಿಯಲ್ಲೂ ಕಾಣುತ್ತದೆ. ಬರೆದ ಪುಟಕ್ಕೆ ಹೊಸ ಭಾಗ ಸೇರಿಸಬೇಕಾದಾಗ, ಬಟ್ಟೆಗೆ ತೇಪೆ ಹಾಕಿದಂತೆ ಕಾಗದದ ತುಂಡನ್ನು ಗುಂಡುಸೂಜಿಯಿಂದ ಸಿಕ್ಕಿಸಿದ್ದಾಳೆ.

ಶಾಯಿಯನ್ನು ಮನೆಯಲ್ಲೇ ತಯಾರಿಸುವ ವಿಧಾನವೂ ಅವರಲ್ಲಿತ್ತು. ಜೊತೆಗೇ ವಾಸವಾಗಿದ್ದ ಗೆಳತಿ ಮಾರ್ಥಾಳ ಅಡುಗೆ ಪುಸ್ತಕದಲ್ಲಿ ಅದು ಉಳಿದಿದೆ. ಮಾಚಿಕಾಯಿ, ಅನ್ನಭೇದಿ, ಗೋಂದು, ಸ್ವಲ್ಪ ಸಕ್ಕರೆ, ಹಳಸಿದ ಬೀರು. ಎಲ್ಲವನ್ನೂ ಸೇರಿಸಿ ಒಲೆಯ ಮೂಲೆಯಲ್ಲಿ 14 ದಿನ ಇಟ್ಟು, ದಿನಕ್ಕೆ ಎರಡು ಮೂರು ಸಲ ಕುಲುಕಬೇಕು. ನಮ್ಮ ಅಜ್ಜಿಯರು ಎಳೆಮಕ್ಕಳಿಗೆ ತೇಯ್ದು ಹಾಕುತ್ತಿದ್ದ ಮಾಚಿಕಾಯಿಯಿಂದ ಅಲ್ಲಿ ಶಾಯಿ ಆಗುತ್ತಿತ್ತು ನೋಡಿ!

ಹಸುವೋ, ಹಾಲೋ?

ಈಗ ಲೆಕ್ಕಕ್ಕೆ ಬರೋಣ. ಆಗ ಒಂದು ಪೌಂಡಿಗೆ 20 ಷಿಲ್ಲಿಂಗ್. ನಮ್ಮಲ್ಲಿ 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ ಇದ್ದ ಹಾಗೆ.

1811ರ ಅಕ್ಟೋಬರ್ 30ರಂದು ಮೊದಲ ಪುಸ್ತಕ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಹೊರಬಂತು. ಬೆಲೆ 15 ಷಿಲ್ಲಿಂಗ್. ಲೇಖಕಿಯ ಹೆಸರಿಲ್ಲ, ‘ಒಬ್ಬ ಮಹಿಳೆ ಬರೆದದ್ದು’ ಎಂದಷ್ಟೇ ಇತ್ತು. ಒಪ್ಪಂದ ಹೀಗೆ: ಕಾಗದ, ಅಚ್ಚು, ಜಾಹೀರಾತು ಎಲ್ಲದರ ಹೊಣೆ ಲೇಖಕಿಯದು. ಪ್ರಕಾಶಕ ಪುಸ್ತಕ ಮಾರಿ, ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ನಷ್ಟ ಖಂಡಿತ ಎಂದುಕೊಂಡೇ ಜೇನ್ ತನಗೆ ಬರುತ್ತಿದ್ದ ಅಲ್ಪ ಹಣದಲ್ಲಿ ಸ್ವಲ್ಪವನ್ನು ಅದಕ್ಕೆಂದು ಎತ್ತಿಟ್ಟಿದ್ದಳು ಎಂದು ಅಣ್ಣ ಹೆನ್ರಿ ಬರೆದಿದ್ದಾನೆ. ಆದರೆ 1813ರ ಜುಲೈ ಹೊತ್ತಿಗೆ ಪ್ರತಿಗಳೆಲ್ಲ ಖರ್ಚಾಗಿ 140 ಪೌಂಡ್ ಲಾಭ ಬಂತು. ಹಿಂದೊಮ್ಮೆ 7 ಪೌಂಡೇ ಆಸ್ತಿಯಾಗಿದ್ದವಳ ಸ್ವಂತ ದುಡಿಮೆ ಅದು.

ಎರಡನೆಯದು ‘ಪ್ರೈಡ್ ಅಂಡ್ ಪ್ರೆಜುಡಿಸ್’. ಮೊದಲ ಪುಸ್ತಕದ ಫಲ ಪೂರ್ತಿ ತಿಳಿಯುವ ಮೊದಲೇ, 1812ರ ಕೊನೆಯಲ್ಲಿ, ಅದರ ಹಕ್ಕನ್ನು ಪ್ರಕಾಶಕನಿಗೆ 110 ಪೌಂಡಿಗೆ ಮಾರಿಬಿಟ್ಟಳು. ಆಕೆಯ ಮನಸ್ಸಿನಲ್ಲಿದ್ದದ್ದು 150. ಹಕ್ಕು ಮಾರುವುದೆಂದರೆ ಹಸುವನ್ನೇ ಮಾರಿದ ಹಾಗೆ. ಆಮೇಲೆ ಅದು ಎಷ್ಟು ಹಾಲು ಕರೆದರೂ ನಮ್ಮ ಮನೆಗೆ ಬಾರದು. ಪುಸ್ತಕ ಹೊರಬಂದ ವರ್ಷವೇ ಎರಡನೆಯ ಮುದ್ರಣ ಕಂಡಿತು. ಜೇನ್‌ಗೆ ಮತ್ತೇನೂ ಸಿಗಲಿಲ್ಲ. ಆಕೆಯ ಪುಸ್ತಕಗಳಲ್ಲೇ ಇಂದು ಲೋಕಕ್ಕೆ ಅತ್ಯಂತ ಪ್ರಿಯವಾದದ್ದು ಅದೇ.

ಅಲ್ಲಿಂದ ಮುಂದೆ ಆಕೆ ಹಕ್ಕು ಮಾರಲಿಲ್ಲ. 1815ರಲ್ಲಿ ಇನ್ನೊಬ್ಬ ಪ್ರಕಾಶಕರಾದ ಜಾನ್ ಮರ್ರೆ ಮೂರು ಪುಸ್ತಕಗಳ ಹಕ್ಕಿಗೆ 450 ಪೌಂಡ್ ಕೊಡುತ್ತೇನೆಂದರು. ಆಕೆ ಒಪ್ಪದೆ ‘ಎಮ್ಮಾ’ವನ್ನು ತನ್ನ ಜವಾಬ್ದಾರಿಯಲ್ಲೇ ಅಚ್ಚು ಹಾಕಿಸಿದಳು. ಲೆಕ್ಕದವನಾಗಿ ನಿಜ ಹೇಳಬೇಕು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಎರಡನೆಯ ಮುದ್ರಣ ನಷ್ಟವಾಗಿ, ಅದು ‘ಎಮ್ಮಾ’ದ ಲಾಭವನ್ನು ನುಂಗಿತು. ಆ 450 ಪೌಂಡ್ ಆಕೆ ಬದುಕಿರುವ ತನಕ ಈ ದಾರಿಯಲ್ಲಿ ಕೈಗೆ ಬರಲಿಲ್ಲ. ಆದರೆ ಹಸು ಮನೆಯಲ್ಲೇ ಉಳಿಯಿತು.

ಹೆಚ್ಚು ಹಣ, ಹೆಸರು ತರುವ ದಾರಿಗಳನ್ನೂ ಜನ ತೋರಿಸಿದರು. ರಾಜಮನೆತನದ ಮೇಲೊಂದು ಐತಿಹಾಸಿಕ ಪ್ರೇಮಕಥೆ ಬರೆಯಬಾರದೇಕೆ ಎಂದು ಯುವರಾಜನ ಗ್ರಂಥಪಾಲಕ ಸೂಚಿಸಿದ. ಅಷ್ಟು ಗಂಭೀರವಾಗಿ ಬರೆಯಲು ಕೂತರೆ ನಗು ತಡೆಯಲಾಗದು, ನನ್ನ ದಾರಿ ನನಗೆ ಎಂಬ ಅರ್ಥದಲ್ಲಿ ಜೇನ್ ಉತ್ತರಿಸಿದಳು. ಕಾದಂಬರಿಗೆ ಹಳ್ಳಿಯೊಂದರ ಮೂರು ನಾಲ್ಕು ಮನೆತನಗಳು ಸಾಕು ಎಂದು ಕಾದಂಬರಿ ಬರೆಯಹೊರಟ ಅಣ್ಣನ ಮಗಳಿಗೆ ಹೇಳಿದ್ದವಳು ಆಕೆ.

ಟೀಕೆಯನ್ನೂ ಆಕೆ ಲೆಕ್ಕದಂತೆಯೇ ಬರೆದಿಟ್ಟಳು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ನಾಯಕಿ ಸಪ್ಪೆ ಎಂದವರು ಸ್ವತಃ ತಾಯಿ. ‘ಎಮ್ಮಾ’ ಸ್ವಾರಸ್ಯವಾಗಿಲ್ಲ ಎಂದು ಯಾರಿಂದಲೋ ಕೇಳಿ, ಮೊದಲ ಮತ್ತು ಕೊನೆಯ ಅಧ್ಯಾಯ ಮಾತ್ರ ಓದಿದವರೊಬ್ಬರಿದ್ದರು. ಅದನ್ನೂ ಬಿಡದೆ ಬರೆದುಕೊಂಡಿದ್ದಾಳೆ.

ಕೊನೆಯ ಚೀಟಿ

1816ರ ಮಾರ್ಚಿನಲ್ಲಿ ಹೆನ್ರಿ ನಡೆಸುತ್ತಿದ್ದ ಬ್ಯಾಂಕು ಮುಳುಗಿ, ಅವನು ದಿವಾಳಿಯಾದ. ಮನೆಯವರ, ಬಂಧುಗಳ ಹಣ ಹೋಯಿತು. ಆದರೆ ಕಾದಂಬರಿಗಳ ದುಡ್ಡಿನ ಬಹುಭಾಗವನ್ನು ಜೇನ್ ಶೇಕಡಾ 5 ಬಡ್ಡಿಯ ಸರ್ಕಾರಿ ಸಾಲಪತ್ರದಲ್ಲಿ ತೊಡಗಿಸಿದ್ದಳು. ಆ 600 ಪೌಂಡ್ ಸುರಕ್ಷಿತವಾಗಿ ಉಳಿಯಿತು. ವರ್ಷಕ್ಕೆ ಬಡ್ಡಿ 30 ಪೌಂಡ್.

ಅದೇ ವರ್ಷ ಹೆನ್ರಿಯ ಮೂಲಕ ‘ಸೂಸನ್’ ಹಸ್ತಪ್ರತಿಯನ್ನು ಅದೇ 10 ಪೌಂಡಿಗೆ ಬಿಡಿಸಿಕೊಂಡಳು. ಹಣ ಕೈಬದಲಾದ ಮೇಲಷ್ಟೇ, ಇದನ್ನು ಬರೆದವಳೇ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬರೆದವಳು ಎಂದು ಹೆನ್ರಿ ಆ ಪ್ರಕಾಶಕನಿಗೆ ತಿಳಿಸಿದನಂತೆ! 2017ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಜೇನ್ ಆಸ್ಟಿನ್ ಚಿತ್ರವಿರುವ ನೋಟು ಹೊರಡಿಸಿತು. ಎಷ್ಟರ ನೋಟು ಗೊತ್ತೇ? 10 ಪೌಂಡ್.

ಅಷ್ಟರಲ್ಲಿ ಆಕೆಗೆ ಕಾಯಿಲೆ ಹಿಡಿದಿತ್ತು. ಆದರೂ ನಗು ಬಿಡಲಿಲ್ಲ. 1817ರ ಹೊಸವರ್ಷಕ್ಕೆ ಅಣ್ಣ ತಮ್ಮಂದಿರ ಮಕ್ಕಳಲ್ಲಿ ಒಬ್ಬಳಿಗೆ ಪ್ರತಿ ಪದದ ಅಕ್ಷರಗಳನ್ನೂ ಹಿಂದುಮುಂದಾಗಿಸಿ ಪತ್ರ ಬರೆದಳು. ಹೊಸ ಕಾದಂಬರಿಯನ್ನೂ ಶುರುಮಾಡಿ, ಮಾರ್ಚ್ 18ರಂದು ಹಾಳೆಯ ಮೇಲೆ ತಾರೀಖು ಹಾಕಿ ನಿಲ್ಲಿಸಿದಳು. ಜುಲೈ 18ರಂದು ವಿಂಚೆಸ್ಟರ್ ನಗರದಲ್ಲಿ ತೀರಿಕೊಂಡಾಗ ಆಕೆಗೆ 41 ವರ್ಷ. ‘ಸೂಸನ್’ ಬೇರೆ ಹೆಸರಿನಲ್ಲಿ ಅಚ್ಚಾದದ್ದು ಆಮೇಲೆ. ಲೇಖಕಿ ಯಾರೆಂದು ಪುಸ್ತಕದಲ್ಲಿ ಓದುಗರಿಗೆ ತಿಳಿದದ್ದೂ ಆಗಲೇ.

ಜೇನ್ ಕೈಯಾರೆ ಬರೆದ ಲೆಕ್ಕದ ಚೀಟಿಯೊಂದು ಉಳಿದಿದೆ. ಆ 600 ಪೌಂಡನ್ನು ಬಿಟ್ಟು, ಪುಸ್ತಕಗಳಿಂದ ಬಂದ ಲಾಭ ಎಷ್ಟು ಎಂಬ ಪಟ್ಟಿ ಅದು. ಕೊನೆಯ ಜಮಾ 1817ರ ಮಾರ್ಚ್ 7ರದು. ಸಾಯುವ ನಾಲ್ಕು ತಿಂಗಳು ಮುಂಚೆ. 13 ಪೌಂಡ್ 7 ಷಿಲ್ಲಿಂಗ್, 12 ಪೌಂಡ್ 15, 38 ಪೌಂಡ್ 18, 19 ಪೌಂಡ್ 13. ಮಕ್ಕಳೇ, 20 ಷಿಲ್ಲಿಂಗಿಗೆ ಒಂದು ಪೌಂಡ್ ಎಂಬುದನ್ನು ಮರೆಯದೆ ಕೂಡಿಸಿ ನೋಡಿ. 84 ಪೌಂಡ್ 13 ಷಿಲ್ಲಿಂಗ್ ಬಂದರೆ ನಿಮ್ಮ ಲೆಕ್ಕ ಸರಿ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮೊಮ್ಮಕ್ಕಳು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಏನಾದರೂ ಗೀಚುತ್ತಿದ್ದರೆ, ಮುಂದಿನ ಸಲ ಪೇಟೆಗೆ ಹೋದಾಗ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಅವರ ಹೆಸರು ಬರೆದು ಕೊಡಿ. ಕೊನೆಯ ಪುಟವನ್ನು ಲೆಕ್ಕಕ್ಕೆ ಬಿಟ್ಟುಕೊಳ್ಳಲು ಹೇಳಿ.